ಅಪರೂಪದ ಇಂಗ್ಲಿಷ್ ಪದವೊಂದರ ಮೂಲ ಹುಡುಕುವ ಬಗೆ: ‘ಜಾಗರಿ’ಯ ಜಾಡು ಹಿಡಿದು

ಬೆಲ್ಲಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ ಎಂದು ಕೇಳಿದರೆ ನಮ್ಮಲ್ಲಿ ಶಾಲೆಗೆ ಹೋಗುವ ಮಕ್ಕಳೂ ‘ಜಾಗರಿ’ ಎಂದು ಥಟ್ಟನೆ ಹೇಳಿಬಿಡುತ್ತಾರೆ. ಆದರೆ ಇಂಗ್ಲಿಷನ್ನೇ ಮನೆಮಾತಾಗಿ ಆಡುವ ನಾಡುಗಳಲ್ಲಿ ಅದು ಅಪರೂಪದ ಪದ. ಭಾರತೀಯ ದಿನಸಿ ಅಂಗಡಿಯ ಪೊಟ್ಟಣದ ಮೇಲೆ ಓದಿ, ಇದೇನೆಂದು ನಿಘಂಟು ತೆಗೆದು ನೋಡುವಂಥದ್ದು. ಇಂಥ ಪದವೊಂದರ ಮೂಲವನ್ನು ಹುಡುಕುವ ಕ್ರಮವನ್ನು ಇಲ್ಲಿ ‘ಜಾಗರಿ’ಯನ್ನೇ ಇಟ್ಟುಕೊಂಡು ಹೆಜ್ಜೆಹೆಜ್ಜೆಯಾಗಿ ವಿವರಿಸಿದ್ದೇನೆ. ಇದನ್ನು ಆರಿಸಿಕೊಳ್ಳಲು ಒಂದು ಸ್ವಂತ ಕಾರಣವೂ ಇದೆ. ಈ ಪದ ಕನ್ನಡದಿಂದ ಇಂಗ್ಲಿಷಿಗೆ ಹೋದದ್ದು ಎಂದು ಒಂದೇ ಒಂದು ನಿಘಂಟಿನ ಮಾತು ನಂಬಿ, ಹಿಗ್ಗಿನಿಂದ ನನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಿದ್ದೆ. ಎರಡು ವರ್ಷಗಳ ನಂತರ ಅದರ ಮೇಲೆ ಗೀಟು ಹಾಕಬೇಕಾಯಿತು. ಯಾಕೆ ಹಾಕಬೇಕಾಯಿತು ಎನ್ನುವುದು ಮುಂದೆ ತಾನಾಗಿಯೇ ತಿಳಿಯುತ್ತದೆ.

ಹೆಜ್ಜೆ 1: ಪದದ ಎಲ್ಲ ರೂಪಗಳನ್ನೂ ಬರೆದುಕೊಳ್ಳುವುದು

ಕೆಲಸ ಆರಂಭಿಸುವ ಮೊದಲು ಒಂದು ಖಾಲಿ ಹಾಳೆಯಲ್ಲಿ ಪದದ ಇಂದಿನ ಕಾಗುಣಿತ, ಉಚ್ಚಾರಣೆ, ಅರ್ಥ ಇವಿಷ್ಟನ್ನೂ ಬರೆದುಕೊಳ್ಳಿ. ಅದರ ಕೆಳಗೆ ಹಳೆಯ ಕಾಗುಣಿತಗಳಿಗಾಗಿ ಹತ್ತು ಸಾಲು ಬಿಡಿ. ಇಂಗ್ಲಿಷಿನ ಕಾಗುಣಿತ ಒಂದು ನೆಲೆಗೆ ನಿಂತದ್ದು ತೀರ ಈಚೆಗೆ. ಹದಿನಾರನೆಯ ಶತಮಾನದ ಬರೆಹಗಾರನು ಒಂದೇ ಪದವನ್ನು ಒಂದೇ ಪುಟದಲ್ಲಿ ಎರಡು ಬಗೆಯಾಗಿ ಬರೆದರೂ ಅದು ತಪ್ಪೆನಿಸುತ್ತಿರಲಿಲ್ಲ, ಅದರಲ್ಲೂ ಪರದೇಶದಿಂದ ಬಂದ ಪದವಾದರೆ ಕಿವಿಗೆ ಬಿದ್ದಂತೆ ಬರೆದುಬಿಡುತ್ತಿದ್ದ. ‘ಜಾಗರಿ’ಗೆ ‘ಇಯಾಗ್ರಾ’, ‘ಗಿಯಾಗ್ರಾ’, ‘ಜಾಗ್ರಾ’, ‘ಜಾಗ್ರಿ’ ಎಂಬ ರೂಪಗಳೆಲ್ಲ ಸಿಗುತ್ತವೆ. ಈ ಪಟ್ಟಿ ಇಲ್ಲದೆ ಹಳೆಯ ಪುಸ್ತಕಗಳಲ್ಲಿ ಹುಡುಕಲು ಹೊರಟರೆ ಬರಿಗೈಯಲ್ಲಿ ಮರಳಬೇಕಾಗುತ್ತದೆ.

ಪದ ನಿಜವಾಗಿಯೂ ಬಳಕೆಯಲ್ಲಿತ್ತೇ ಎಂಬುದನ್ನೂ ಈ ಹಂತದಲ್ಲೇ ಖಚಿತಪಡಿಸಿಕೊಳ್ಳಬೇಕು. 1934ರ ವೆಬ್‌ಸ್ಟರ್ ನಿಘಂಟಿನಲ್ಲಿ ‘ಡಾರ್ಡ್’ ಎಂಬ ಪದವೊಂದು ‘ಸಾಂದ್ರತೆ’ ಎಂಬ ಅರ್ಥದೊಡನೆ ಅಚ್ಚಾಗಿತ್ತು. ‘ಡಿ ಆರ್ ಡಿ’, ಅಂದರೆ ‘ದೊಡ್ಡ ಡಿ ಅಥವಾ ಸಣ್ಣ ಡಿ’, ಎಂದು ಸಂಕ್ಷೇಪಾಕ್ಷರಕ್ಕಾಗಿ ಬರೆದ ಚೀಟಿಯನ್ನು ಯಾರೋ ಒಂದೇ ಪದವೆಂದು ಓದಿದ್ದರಿಂದ ಹುಟ್ಟಿದ ಪದ ಅದು. ಅದಕ್ಕೆ ಮೂಲವೇ ಇಲ್ಲವೆಂದು ಸಂಪಾದಕರ ಕಣ್ಣಿಗೆ ಬೀಳಲು 1939ರವರೆಗೆ ಕಾಯಬೇಕಾಯಿತು.

ಹೆಜ್ಜೆ 2: ನಿಘಂಟುಗಳನ್ನು ಎದುರುಬದುರು ಇಟ್ಟು ಓದುವುದು

ಒಂದು ನಿಘಂಟು ಸಾಲದು; ಕಡಿಮೆಯೆಂದರೆ ಮೂರು ಬೇಕು. ಮೊದಲನೆಯದು ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು. 1884ರಿಂದ 1928ರವರೆಗೆ ಕಂತುಕಂತಾಗಿ ಹೊರಬಂದ ಆ ಮಹಾಗ್ರಂಥದ ವಿಶೇಷವೆಂದರೆ ಪ್ರತಿ ಅರ್ಥಕ್ಕೂ ತಾರೀಖು ಸಹಿತ ಹಳೆಯ ಪ್ರಯೋಗಗಳನ್ನು ಕೊಡುವುದು. ಕನ್ನಡ ಸಾಹಿತ್ಯ ಪರಿಷತ್ತಿನ ದೊಡ್ಡ ನಿಘಂಟನ್ನು ಬಳಸಿದವರಿಗೆ ಈ ಪದ್ಧತಿ ಹೊಸದೆನಿಸದು. ಆನ್‌ಲೈನ್ ಆವೃತ್ತಿಗೆ ಚಂದಾ ಬೇಕು, ಆದರೆ ಹಲವು ವಿಶ್ವವಿದ್ಯಾಲಯಗಳ ಗ್ರಂಥಾಲಯಗಳಲ್ಲಿ ಅದು ಓದಲು ಸಿಗುತ್ತದೆ; ಹಕ್ಕುಸ್ವಾಮ್ಯ ಮುಗಿದ ಹಳೆಯ ಸಂಪುಟಗಳು ಇಂಟರ್‌ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆಯಾಗಿಯೇ ಇವೆ. ಎರಡನೆಯದಾಗಿ ಅಮೆರಿಕದ ಯಾವುದಾದರೂ ಒಳ್ಳೆಯ ನಿಘಂಟು. ಮೂರನೆಯದು ಪದದ ಹುಟ್ಟೂರಿಗೆ ತಕ್ಕ ವಿಶೇಷ ನಿಘಂಟು. ನಮ್ಮ ಕಡೆಯಿಂದ ಹೋದ ಪದಗಳಿಗೆ ಹೆನ್ರಿ ಯೂಲ್ ಮತ್ತು ಎ. ಸಿ. ಬರ್ನೆಲ್ ಸಿದ್ಧಪಡಿಸಿ 1886ರಲ್ಲಿ ಹೊರಬಂದ ‘ಹಾಬ್ಸನ್-ಜಾಬ್ಸನ್’ ಇಲ್ಲದೆ ನಡೆಯುವುದಿಲ್ಲ. ಪೋರ್ಚುಗೀಸರ ಕೈದಾಟಿ ಬಂದ ಪದವಾದರೆ ಗೋವೆಯ ಸೆಬಾಸ್ಟಿಯಾವ್ ರೊಡಾಲ್ಫೊ ದಾಲ್ಗಾದೊ 1919 ಮತ್ತು 1921ರಲ್ಲಿ ಎರಡು ಸಂಪುಟಗಳಲ್ಲಿ ಪ್ರಕಟಿಸಿದ ‘ಗ್ಲೊಸಾರಿಯೊ ಲುಸೊ-ಏಷಿಯಾಟಿಕೊ’ ಹಾಬ್ಸನ್-ಜಾಬ್ಸನ್‌ಗಿಂತಲೂ ಹೆಚ್ಚು ನೆರವಾಗುತ್ತದೆ ಎಂಬುದು ನನ್ನ ಅನುಭವ. ಪೋರ್ಚುಗೀಸ್ ಬಾರದವರೂ ಅದರಲ್ಲಿನ ಮೂಲಪದಗಳನ್ನೂ ಇಸವಿಗಳನ್ನೂ ಗುರುತಿಸಿಕೊಳ್ಳಬಹುದು.

ನಿಘಂಟಿನಲ್ಲಿ ವ್ಯುತ್ಪತ್ತಿ ಹೇಳುವ ಭಾಗ ಸಾಮಾನ್ಯವಾಗಿ ಚೌಕ ಆವರಣದೊಳಗೆ ಇರುತ್ತದೆ, ಅದಕ್ಕೆ ತನ್ನದೇ ಒಂದು ಲಿಪಿಯೂ ಇದೆ. ಎಡಕ್ಕೆ ಮೂತಿ ಚಾಚಿದ ಕೋನದ ಗುರುತಿದ್ದರೆ ‘ಇದರಿಂದ ಬಂದದ್ದು’ ಎಂದರ್ಥ. ಪದದ ಮುಂದೆ ನಕ್ಷತ್ರದ ಚಿಹ್ನೆಯಿದ್ದರೆ ಆ ರೂಪ ಎಲ್ಲೂ ಬರೆಹದಲ್ಲಿ ಸಿಕ್ಕಿಲ್ಲ, ವಿದ್ವಾಂಸರು ಲೆಕ್ಕಹಾಕಿ ಕಟ್ಟಿಕೊಂಡದ್ದು ಎಂದು ತಿಳಿಯಬೇಕು. ‘ಹೋಲಿಸಿ’ ಎಂಬ ಸೂಚನೆಯನ್ನು ಓದುವಾಗ ಹೆಚ್ಚು ಎಚ್ಚರ ಬೇಕು, ಏಕೆಂದರೆ ಅದು ನಂಟನ್ನು ಹೇಳುವುದಿಲ್ಲ, ಪಕ್ಕದಲ್ಲಿಟ್ಟು ನೋಡಿ ಎಂದಷ್ಟೇ ಹೇಳುತ್ತದೆ. ‘ಬಹುಶಃ’ ಎಂಬ ಮಾತನ್ನು ಬಿಟ್ಟು ನಕಲು ಮಾಡಿಕೊಳ್ಳುವುದು ಹೊಸಬರ ಸಾಮಾನ್ಯ ತಪ್ಪು, ನಾನೂ ಮಾಡಿದ್ದೇನೆ.

‘ಜಾಗರಿ’ಯ ವಿಷಯದಲ್ಲಿ ನಿಘಂಟುಗಳೆಲ್ಲ ಎರಡು ಮಾತನ್ನು ಒಪ್ಪುತ್ತವೆ: ಇಂಗ್ಲಿಷಿಗೆ ಪದ ಬಂದದ್ದು ಭಾರತದಲ್ಲಿದ್ದ ಪೋರ್ಚುಗೀಸರ ಬಾಯಿಂದ, ಅದರ ಕೊನೆಯ ಬೇರು ಸಂಸ್ಕೃತದ ‘ಶರ್ಕರಾ’. ಒಪ್ಪದಿರುವುದು ನಡುವಿನ ಕೊಂಡಿಯ ಬಗ್ಗೆ. ಪೋರ್ಚುಗೀಸರು ಕೇಳಿಸಿಕೊಂಡದ್ದು ಕನ್ನಡದ ರೂಪವನ್ನೆಂದು ಕೆಲವರು, ಮಲಯಾಳಂ ರೂಪವನ್ನೆಂದು ಇನ್ನು ಕೆಲವರು ಹೇಳುತ್ತಾರೆ. ಹೀಗೆ ಮತಭೇದ ಕಂಡ ಜಾಗದ ಸುತ್ತ ಕೆಂಪು ಗೆರೆ ಎಳೆಯಿರಿ. ನಿಮ್ಮ ನಿಜವಾದ ಕೆಲಸ ಇರುವುದು ಅಲ್ಲಿ.

ಹೆಜ್ಜೆ 3: ಪ್ರಯೋಗಗಳನ್ನು ಇಸವಿಯ ಪ್ರಕಾರ ಸಾಲಾಗಿ ನಿಲ್ಲಿಸುವುದು

ಊಹೆ ಎಷ್ಟೇ ಚೆನ್ನಾಗಿದ್ದರೂ ಇಸವಿಯ ಮುಂದೆ ಅದು ತಲೆಬಾಗಲೇಬೇಕು. ಸಿಕ್ಕ ಪ್ರಯೋಗಗಳನ್ನು ಹಳೆಯದರಿಂದ ಹೊಸದಕ್ಕೆ ಒಂದರ ಕೆಳಗೊಂದು ಬರೆಯಿರಿ. ಇಸವಿ, ಬರೆದವನು, ಬರೆದ ಭಾಷೆ, ಪದದ ರೂಪ, ಅದು ಸೂಚಿಸುವ ವಸ್ತು ಎಂದು ಐದು ಅಂಕಣ ಮಾಡಿಕೊಂಡರೆ ಸಾಕು. ಹಾಬ್ಸನ್-ಜಾಬ್ಸನ್ ಕೊಡುವ ಪ್ರಯೋಗಗಳನ್ನು ಹೀಗೆ ಜೋಡಿಸಿದಾಗ ಮೊದಲ ಸಾಲಿನಲ್ಲಿ ನಿಲ್ಲುವವನು 1516ರ ಸುಮಾರಿಗೆ ಪೋರ್ಚುಗೀಸಿನಲ್ಲಿ ಬರೆದ ದುವಾರ್ತೆ ಬಾರ್ಬೋಸಾ. ತಾಳೆಜಾತಿಯ ಮರಗಳ ಸಕ್ಕರೆಯನ್ನು ಇಲ್ಲಿನವರು ‘ಶಾಗರ’ ಎನ್ನುತ್ತಾರೆ ಎಂಬುದು ಅವನ ಮಾತಿನ ಸಾರ. ಪದದ ಮೊದಲ ಅಕ್ಷರವನ್ನು ಅವನು ರೋಮನ್ ‘ಎಕ್ಸ್’ನಿಂದ ಬರೆದಿದ್ದಾನೆ. 1563ರಲ್ಲಿ ಗೋವೆಯಲ್ಲಿ ಅಚ್ಚಾದ ಗಾರ್ಸಿಯಾ ದ ಓರ್ತಾನ ವೈದ್ಯಗ್ರಂಥದಲ್ಲಿ, ತೆಂಗಿನ ಮರದಿಂದ ಇಳಿಸಿದ ‘ಸೂರ’ವನ್ನು, ಅಂದರೆ ನಮ್ಮ ಕಳ್ಳನ್ನು, ಬಿಸಿಲಲ್ಲೋ ಬೆಂಕಿಯ ಮೇಲೋ ಇಟ್ಟು ಮಾಡುವ ಸಕ್ಕರೆಗೆ ‘ಜಾಗ್ರ’ ಎಂಬ ಹೆಸರಿದೆ. ಮುಂದೆ 1598ರಲ್ಲಿ, ಗೋವೆಯ ಆರ್ಚ್‌ಬಿಷಪ್ಪರ ಕಾರ್ಯದರ್ಶಿಯಾಗಿದ್ದ ಡಚ್ಚರ ಲಿನ್‌ಸ್ಕೋಟೆನ್‌ನ ಪುಸ್ತಕ ಇಂಗ್ಲಿಷಿಗೆ ಅನುವಾದವಾದಾಗ ಅದರಲ್ಲಿ ಇದೇ ಸೂರದ ಸಕ್ಕರೆ ‘ಇಯಾಗ್ರಾ’ ಎಂದು ಕಾಣಿಸಿಕೊಳ್ಳುತ್ತದೆ. ಕಂದು ಬಣ್ಣದ್ದಾದ್ದರಿಂದ ಅದಕ್ಕೆ ಅಷ್ಟೇನೂ ಬೆಲೆಯಿಲ್ಲ ಎಂದು ಪಕ್ಕದಲ್ಲೇ ಸೇರಿಸಿದ್ದಾನೆ. ನಾಲ್ಕು ಶತಮಾನಗಳ ಬಳಿಕ ಆ ಕಂದು ಬಣ್ಣಕ್ಕಾಗಿಯೇ ಜನ ಹೆಚ್ಚು ದುಡ್ಡು ಕೊಟ್ಟು ಕೊಳ್ಳುತ್ತಿದ್ದಾರೆ.

ಇಸವಿಗಳ ವಿಷಯದಲ್ಲಿ ಒಂದು ಗುಂಡಿಯನ್ನು ತೋರಿಸಲೇಬೇಕು. ವೆನಿಸ್ಸಿನ ವ್ಯಾಪಾರಿ ಸೀಸರ್ ಫೆಡ್ರಿಚಿಯ ಪ್ರಯೋಗವೊಂದನ್ನು ಹಾಬ್ಸನ್-ಜಾಬ್ಸನ್ ಸುಮಾರು 1567ರ ಕೆಳಗೆ ಇಡುತ್ತದೆ: ಕೊಚ್ಚಿ, ಕಣ್ಣೂರುಗಳಿಂದ ಚೌಲ್ ಬಂದರಿಗೆ ವರ್ಷವರ್ಷವೂ ಹತ್ತು ಹದಿನೈದು ದೊಡ್ಡ ಹಡಗುಗಳು ತೆಂಗಿನಕಾಯಿಯನ್ನೂ, ಆ ಕಾಯಿಯಿಂದಲೇ ಮಾಡಿದ ‘ಗಿಯಾಗ್ರಾ’ ಎಂಬ ಸಕ್ಕರೆಯನ್ನೂ ತರುತ್ತವೆ ಎಂದು. ಇದನ್ನು ಕಂಡು ಇಂಗ್ಲಿಷಿನಲ್ಲಿ ಪದ 1567ಕ್ಕೇ ಬಂದಿತ್ತು ಎಂದು ಬರೆದರೆ ತಪ್ಪಾಗುತ್ತದೆ. ಆ ಇಸವಿ ಅವನು ಪ್ರಯಾಣ ಮಾಡಿದ ಕಾಲದ್ದು. ಅವನ ಇಟಾಲಿಯನ್ ಪುಸ್ತಕ ಅಚ್ಚಾದದ್ದು 1587ರಲ್ಲಿ, ಅದರ ಇಂಗ್ಲಿಷ್ ಅನುವಾದ ಹೊರಬಂದದ್ದು 1588ರಲ್ಲಿ. ಪ್ರಯಾಣ, ಬರೆಹ, ಅಚ್ಚು, ಅನುವಾದ ಈ ನಾಲ್ಕಕ್ಕೂ ಬೇರೆಬೇರೆ ಇಸವಿ ಇರುತ್ತದೆ, ಇಂಗ್ಲಿಷ್ ಪದದ ವಯಸ್ಸಿಗೆ ಲೆಕ್ಕಕ್ಕೆ ಬರುವುದು ಕೊನೆಯದು ಮಾತ್ರ.

ಜೊತೆಗೆ, ಪದವನ್ನು ಹೆಸರಿಸುವುದು ಬೇರೆ, ಬಳಸುವುದು ಬೇರೆ. ‘ಅದನ್ನು ಅವರು ಹೀಗೆಂದು ಕರೆಯುತ್ತಾರೆ’ ಎಂಬ ಮಾತು ಜೊತೆಗಿದ್ದರೆ ಪದ ಇನ್ನೂ ಹೊಸ್ತಿಲ ಹೊರಗೇ ನಿಂತಿದೆ. ಯಾವ ವಿವರಣೆಯೂ ಇಲ್ಲದೆ, ಓದುಗನಿಗೆ ಗೊತ್ತಿದೆಯೆಂದು ನಂಬಿ ಬರೆದ ವಾಕ್ಯ ಸಿಕ್ಕ ಮೇಲೆ ಅದು ಒಳಗೆ ಬಂದಿದೆ ಎನ್ನಬಹುದು.

ಹೆಜ್ಜೆ 4: ಹಳೆಯ ಅಚ್ಚಿನಲ್ಲಿ ಹುಡುಕುವ ಉಪಾಯ

ನಿಘಂಟಿಗಿಂತ ಹಳೆಯ ಪ್ರಯೋಗ ಸಿಗುವುದು ಅಸಾಧ್ಯವೇನಲ್ಲ. ಗೂಗಲ್ ಬುಕ್ಸ್, ಇಂಟರ್‌ನೆಟ್ ಆರ್ಕೈವ್, ಹಾಥಿಟ್ರಸ್ಟ್ ಇವುಗಳಲ್ಲಿ ಪುಸ್ತಕದ ಒಳಗಿನ ಪದಗಳನ್ನೂ ಹುಡುಕಬಹುದು. ಆದರೆ ಆ ಕಾಲದ ಇಂಗ್ಲಿಷ್ ಅಚ್ಚಿನಲ್ಲಿ ‘ಜೆ’ ಎಂಬ ಪ್ರತ್ಯೇಕ ಅಕ್ಷರ ಇನ್ನೂ ನೆಲೆಯೂರಿರಲಿಲ್ಲ, ಅದರ ಕೆಲಸವನ್ನೂ ‘ಐ’ ಅಕ್ಷರವೇ ಮಾಡುತ್ತಿತ್ತು. ಲಿನ್‌ಸ್ಕೋಟೆನ್‌ನ ‘ಇಯಾಗ್ರಾ’ ಕಣ್ಣಿಗೆ ಹಾಗೆ ಕಂಡರೂ ಬಾಯಲ್ಲಿ ‘ಜಾಗ್ರಾ’ ಎಂದೇ ಇದ್ದದ್ದು. ಪದದ ಮೊದಲಲ್ಲೂ ನಡುವಿನಲ್ಲೂ ಬರುವ ‘ಎಸ್’ ಉದ್ದವಾಗಿ ‘ಎಫ್’ನಂತೆ ಇರುತ್ತಿದ್ದುದರಿಂದ ಕಂಪ್ಯೂಟರ್ ಅದನ್ನು ತಪ್ಪಾಗಿ ಓದಿರುತ್ತದೆ. ‘ಶುಗರ್’ ಎಂದು ಹುಡುಕಿದರೆ ಸಿಗದ ಪುಟ, ಮೊದಲಕ್ಷರವನ್ನು ‘ಎಫ್’ ಮಾಡಿ ಹುಡುಕಿದರೆ ಸಿಗುತ್ತದೆ. ಇಟಾಲಿಯನ್ನರು ‘ಜ’ಕಾರಕ್ಕೆ ‘ಜಿ’ ಮತ್ತು ‘ಐ’ ಜೋಡಿಸಿ ಬರೆಯುತ್ತಿದ್ದುದರಿಂದಲೇ ಫೆಡ್ರಿಚಿಯಲ್ಲಿ ‘ಗಿಯಾಗ್ರಾ’ ಇದೆ. ಸಿಕ್ಕಿದ್ದನ್ನು ಪುಟದ ಚಿತ್ರದಲ್ಲಿ ಕಣ್ಣಾರೆ ನೋಡದೆ ಬರೆದುಕೊಳ್ಳಬೇಡಿ. ಮುಖಪುಟದ ಇಸವಿಯನ್ನೂ ನೋಡಿ. ಒಂದೇ ಕಟ್ಟಿನಲ್ಲಿ ಎರಡು ಪುಸ್ತಕ ಸೇರಿಸಿ ಹೊಲಿದಿರುವುದುಂಟು.

ಹೆಜ್ಜೆ 5: ಧ್ವನಿ ಒಪ್ಪುತ್ತದೆಯೇ?

ಎರಡು ಪದಗಳು ಕೇಳಲು ಒಂದೇ ಥರ ಇವೆ ಎಂಬುದು ಸಾಕ್ಷ್ಯವಲ್ಲ. ಪಾರಸಿಯ ‘ಬದ್’ ಎಂದರೆ ಕೆಟ್ಟದ್ದು, ನಮ್ಮ ‘ಬದನಾಮಿ’ಯಲ್ಲಿ ಇರುವುದೂ ಅದೇ. ಇಂಗ್ಲಿಷಿನ ‘ಬ್ಯಾಡ್’ ಎಂದರೂ ಕೆಟ್ಟದ್ದೇ. ಆದರೂ ಇವೆರಡಕ್ಕೂ ಯಾವ ಸಂಬಂಧವೂ ಇಲ್ಲ, ಬರೀ ಕಾಕತಾಳೀಯ. ಧ್ವನಿಯಲ್ಲಿ ಹುಡುಕಬೇಕಾದದ್ದು ಹೋಲಿಕೆಯನ್ನಲ್ಲ, ಕ್ರಮವನ್ನು. ಹಳಗನ್ನಡದ ‘ಪಾಲ್’ ಹಾಲಾಯಿತು, ‘ಪುಲಿ’ ಹುಲಿಯಾಯಿತು, ‘ಪೂ’ ಹೂವಾಯಿತು. ಪದಪದದಲ್ಲೂ ಬದಲಾವಣೆ ಒಂದೇ ದಿಕ್ಕಿನಲ್ಲಿ ಸಾಗಿರುವುದರಿಂದಲೇ ಅದನ್ನು ನಿಯಮವೆನ್ನುತ್ತೇವೆ.

ಈಗ ಕೆಂಪು ಗೆರೆ ಎಳೆದ ಜಾಗಕ್ಕೆ ಮರಳೋಣ. ಬಾರ್ಬೋಸಾನ ಪೋರ್ಚುಗೀಸಿನಲ್ಲಿ ‘ಎಕ್ಸ್’ ಅಕ್ಷರಕ್ಕೆ ‘ಶ’ ಎಂಬ ಉಚ್ಚಾರ. ಆದ್ದರಿಂದ ಅವನ ಕಿವಿಗೆ ಬಿದ್ದ ಪದ ‘ಶ’ಕಾರದಿಂದ ಶುರುವಾಗುತ್ತಿತ್ತು. ಕನ್ನಡದ ಜನ ಆಡುತ್ತಿದ್ದುದು ‘ಸಕ್ಕರೆ’. ಸಂಸ್ಕೃತದ ‘ಶ’ ನಮ್ಮ ತದ್ಭವಗಳಲ್ಲಿ ‘ಸ’ ಆಗುತ್ತದೆ, ‘ಆಕಾಶ’ ‘ಆಗಸ’ವಾದ ಹಾಗೆ. ಕಿಟ್ಟೆಲ್ಲರ 1894ರ ಕನ್ನಡ-ಇಂಗ್ಲಿಷ್ ನಿಘಂಟೂ ಸಕ್ಕರೆಯನ್ನು ತದ್ಭವವೆಂದೇ ಗುರುತಿಸುತ್ತದೆ. ಕೊಂಕಣಿ, ಮರಾಠಿಗಳ ‘ಸಾಕರ’, ‘ಸಾಖರ’ಗಳೂ ‘ಸ’ಕಾರದವೇ. ಮಲಯಾಳಂನಲ್ಲಿ ಮಾತ್ರ ‘ಶರ್ಕ್ಕರ’ ಎಂಬ ರೂಪ ದಿನಬಳಕೆಯಲ್ಲಿದೆ. ಪದದ ಬಾಲವನ್ನೂ ನೋಡಿ: ಸಂಸ್ಕೃತದ ಕೊನೆಯ ‘ಆ’ ಕನ್ನಡಕ್ಕೆ ಬಂದಾಗ ‘ಎ’ ಆಗುತ್ತದೆ, ಸೀತಾ ಸೀತೆಯಾಗುತ್ತಾಳೆ, ಶಾಲಾ ಶಾಲೆಯಾಗುತ್ತದೆ, ಶರ್ಕರಾ ಶರ್ಕರೆಯಾಗುತ್ತದೆ. ಮಲಯಾಳಂನಲ್ಲಿ ಅದು ‘ಅ’ ಆಗಿಯೇ ಉಳಿಯುತ್ತದೆ. ‘ಶಾಗರ’ದ ಕೊನೆಯಲ್ಲಿ ಇರುವುದು ‘ಅ’. ತಲೆ, ಬಾಲ ಎರಡೂ ಮಲಯಾಳಂ ಕಡೆಗೇ ಬೊಟ್ಟು ಮಾಡುತ್ತಿವೆ. ನನ್ನ ಟಿಪ್ಪಣಿಯ ಮೇಲೆ ಗೀಟು ಬಿದ್ದದ್ದು ಇಲ್ಲಿ.

ಇನ್ನು ‘ಶ’ ಹೇಗೆ ‘ಜ’ ಆಯಿತು? ಗಂಟಲಿನ ಮೇಲೆ ಎರಡು ಬೆರಳಿಟ್ಟು ‘ಶ್’ ಎಂದು ಎಳೆದು ಹೇಳಿ. ಬೆರಳಿಗೆ ಏನೂ ತಗಲುವುದಿಲ್ಲ. ನಾಲಗೆ ಕದಲಿಸದೆ ಗಂಟಲನ್ನು ಅದುರಿಸಿದರೆ ಹೊರಡುವ ಧ್ವನಿಯೇ ಪೋರ್ಚುಗೀಸರ ‘ಜೆ’. ಎರಡಕ್ಕೂ ಇರುವ ವ್ಯತ್ಯಾಸ ಆ ಕಂಪನವೊಂದೇ. ‘ಕ’ ‘ಗ’ ಆದದ್ದರಲ್ಲೂ ನಡೆದಿರುವುದು ಇದೇ ಕಂಪನದ ಸೇರ್ಪಡೆ. ಪದದ ಮೊದಲಲ್ಲಿ ಅಂಥ ‘ಜೆ’ ಧ್ವನಿ ಇಂಗ್ಲಿಷರಿಗೆ ರೂಢಿಯಿಲ್ಲದ್ದರಿಂದ ಅವರು ಅದಕ್ಕೆ ಹತ್ತಿರದ ‘ಜ’ವನ್ನು ಹಿಡಿದುಕೊಂಡರು.

ಹೆಜ್ಜೆ 6: ಅರ್ಥ ಮತ್ತು ದಾರಿ

ಧ್ವನಿಯ ನಂತರ ಅರ್ಥ. ಮೇಲಿನ ಪಟ್ಟಿಯ ಐದನೆಯ ಅಂಕಣವನ್ನು ಮೇಲಿಂದ ಕೆಳಕ್ಕೆ ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ: ಅಲ್ಲೆಲ್ಲೂ ಕಬ್ಬಿಲ್ಲ, ಆಲೆಮನೆಯಿಲ್ಲ, ಕೊಪ್ಪರಿಗೆಯಿಲ್ಲ. ಇರುವುದೆಲ್ಲ ಮರದಿಂದ ಇಳಿಸಿದ ಕಳ್ಳು, ತೆಂಗು, ತಾಳೆ. ಮಂಡ್ಯದ ಅಚ್ಚುಬೆಲ್ಲವನ್ನು ನೆನೆದುಕೊಂಡು ಈ ಪದದ ಬೆನ್ನು ಹತ್ತಿದವರಿಗೆ ಇದು ಆಶ್ಚರ್ಯವೇ ಸರಿ. ಇಂಗ್ಲಿಷಿನ ‘ಜಾಗರಿ’ ಮೊದಲು ಹೆಸರಾದದ್ದು ಮರದ ಬೆಲ್ಲಕ್ಕೆ; ಕಬ್ಬಿನ ಬೆಲ್ಲ ಅದರೊಳಗೆ ಸೇರಿಕೊಂಡದ್ದು ಆಮೇಲೆ.

ಕನ್ನಡದಲ್ಲಿ ಸಕ್ಕರೆ ಬೇರೆ, ಬೆಲ್ಲ ಬೇರೆ. ಮಲಯಾಳಂನಲ್ಲಿ ಸಕ್ಕರೆಗೆ ‘ಪಂಚಸಾರ’ ಎನ್ನುತ್ತಾರೆ, ‘ಶರ್ಕ್ಕರ’ ಎಂದರೆ ಬೆಲ್ಲವೇ. ಓಣಂ ಊಟದ ಎಲೆಯ ತುದಿಯಲ್ಲಿ ಬಡಿಸುವ ಶರ್ಕರ ವರಟ್ಟಿಯನ್ನು ತಿಂದವರಿಗೆ ಇದು ನಾಲಗೆಯಿಂದಲೇ ಗೊತ್ತು. ಬಾಳೆಕಾಯಿಯ ದಪ್ಪ ತುಂಡುಗಳಿಗೆ ಹತ್ತಿರುವುದು ಸಕ್ಕರೆಯ ಪಾಕವಲ್ಲ, ಶುಂಠಿ ಬೆರೆತ ಬೆಲ್ಲದ ಪಾಕ. ಹೀಗಾಗಿ ಅರ್ಥದ ಪರೀಕ್ಷೆಯಲ್ಲೂ ಮಲಯಾಳಮ್ಮೇ ಗೆಲ್ಲುತ್ತದೆ.

ಕೊನೆಗೆ ದಾರಿ. ಪದವನ್ನು ಹೊತ್ತು ತಂದವರು ಯಾರು, ಅವರು ಆ ಊರಿನಲ್ಲಿ ಆಗ ಇದ್ದರೇ ಎಂದು ಕೇಳಿಕೊಳ್ಳಬೇಕು. ವಾಸ್ಕೋ ಡ ಗಾಮ 1498ರಲ್ಲಿ ಬಂದಿಳಿದದ್ದು ಕೋಯಿಕ್ಕೋಡಿನ ಬಳಿ. ಪೋರ್ಚುಗೀಸರು ಮೊದಲ ಕೋಠಿಗಳನ್ನು, ಅಂದರೆ ವ್ಯಾಪಾರದ ನೆಲೆಗಳನ್ನು, ಹೂಡಿದ್ದು ಮಲಬಾರಿನ ಕರಾವಳಿಯಲ್ಲಿ; ಗೋವೆ ಅವರ ವಶವಾದದ್ದು 1510ರಲ್ಲಿ. ಬಾರ್ಬೋಸಾ ಕಣ್ಣೂರಿನ ಕೋಠಿಯಲ್ಲಿ ಬರೆಹದ ಕೆಲಸದಲ್ಲಿದ್ದವನು, ಮಲಯಾಳಂ ಬಲ್ಲವನು. ಸಾಕ್ಷಿಯ ವಿಳಾಸವೂ ಪದದ ವಿಳಾಸವೂ ಒಂದೇ ಆಗಿರುವುದಕ್ಕಿಂತ ಹೆಚ್ಚಿನದನ್ನು ಈ ಕೆಲಸದಲ್ಲಿ ಬಯಸುವಂತಿಲ್ಲ.

ಹೆಜ್ಜೆ 7: ಬೇರಿನಾಚೆಗೆ, ಒಡಹುಟ್ಟಿದವರ ಕಡೆಗೆ

ಮೊದಲ ಪೂರ್ವಜ ಸಿಕ್ಕನೆಂದು ನಿಲ್ಲಬೇಡಿ. ಸಂಸ್ಕೃತದ ‘ಶರ್ಕರಾ’ ಎಂಬುದಕ್ಕೆ ಮೊದಲಿದ್ದ ಅರ್ಥ ಸಿಹಿಯಲ್ಲ, ನೊರಜುಗಲ್ಲು, ಮರಳಿನ ಹರಳು. ಹರಳುಹರಳಾಗಿ ಇರುತ್ತಿದ್ದುದರಿಂದ ಸಕ್ಕರೆಗೆ ಆ ಹೆಸರು ಬಂತು. ಅದು ಪಾರಸಿಯಲ್ಲಿ ‘ಶಕರ್’, ಅರಬ್ಬಿಯಲ್ಲಿ ‘ಸುಕ್ಕರ್’ ಆಗಿ, ಮಧ್ಯಯುಗದ ಲ್ಯಾಟಿನ್ ಮತ್ತು ಫ್ರೆಂಚ್ ದಾಟಿ ಇಂಗ್ಲಿಷಿಗೆ ಹೋಗಿ ‘ಶುಗರ್’ ಆಯಿತು. ಅದಕ್ಕೂ ಎಷ್ಟೋ ಮೊದಲೇ ಪ್ರಾಕೃತದ ‘ಸಕ್ಖರಾ’ ಗ್ರೀಕಿನಲ್ಲಿ ‘ಸಾಕ್ಖರಾನ್’ ಆಗಿ ಕುಳಿತಿತ್ತು. ಅದರ ಲ್ಯಾಟಿನ್ ರೂಪದಿಂದ ‘ಸ್ಯಾಕರಿನ್’ ಎಂಬ ಹೆಸರನ್ನು ಕಟ್ಟಿ, 1879ರಲ್ಲಿ ಪತ್ತೆಯಾದ ಕೃತಕ ಸಿಹಿಗೆ ಇಟ್ಟರು. ಮೂರನೆಯದು ಕಡಲ ದಾರಿಯಲ್ಲಿ ಹೋದ ‘ಜಾಗರಿ’. ಒಬ್ಬಳೇ ತಾಯಿಯ ಮೂರು ಮಕ್ಕಳು ಮೂರು ದಾರಿಯಲ್ಲಿ, ಮೂರು ಕಾಲದಲ್ಲಿ ಒಂದೇ ಊರು ಸೇರಿದ ಹಾಗೆ. ನಾಲ್ಕನೆಯವಳು ಮನೆಯಲ್ಲೇ ಉಳಿದಳು: ನಮ್ಮ ಸಕ್ಕರೆ.

‘ಬೆಲ್ಲ’ ಈ ಮನೆತನಕ್ಕೆ ಸೇರಿದ್ದಲ್ಲ. ಬರೋ ಮತ್ತು ಎಮೆನೊ ಅವರ ದ್ರಾವಿಡ ವ್ಯುತ್ಪತ್ತಿ ನಿಘಂಟಿನಲ್ಲಿ ಅದನ್ನು ತಮಿಳಿನ ‘ವೆಲ್ಲಂ’ ಪಕ್ಕದಲ್ಲಿ ಕಾಣಬಹುದು. ತಮಿಳಿನ ‘ವ’ ಕನ್ನಡದಲ್ಲಿ ‘ಬ’ ಆಗುವುದು ವಾಯ್-ಬಾಯಿ, ವಿಲ್-ಬಿಲ್ಲು, ವೇರ್-ಬೇರು ಇವುಗಳಿಂದ ಗೊತ್ತಿರುವ ಕ್ರಮವೇ. ಅಂದರೆ ನಾವು ಬೆಲ್ಲಕ್ಕೆ ಸಮಾನಪದವೆಂದು ಕಲಿತ ‘ಜಾಗರಿ’ಗೆ ಅರ್ಥದಿಂದ ಬೆಲ್ಲದ ನಂಟು, ರಕ್ತದಿಂದ ಸಕ್ಕರೆಯ ನಂಟು.

ಈ ಹಂತದಲ್ಲಿ ಚಿಕಾಗೊ ವಿಶ್ವವಿದ್ಯಾಲಯದವರು ಆನ್‌ಲೈನ್‌ನಲ್ಲಿ ಇಟ್ಟಿರುವ ದಕ್ಷಿಣ ಏಷ್ಯಾದ ನಿಘಂಟುಗಳು ಬಹಳ ಉಪಕಾರಿ. ಹಾಬ್ಸನ್-ಜಾಬ್ಸನ್, ದ್ರಾವಿಡ ನಿಘಂಟು, ಇಂಡೋ-ಆರ್ಯನ್ ಭಾಷೆಗಳ ಟರ್ನರ್ ನಿಘಂಟು ಮೂರೂ ಅಲ್ಲಿವೆ. ಗುಂಡರ್ಟರ 1872ರ ಮಲಯಾಳಂ ನಿಘಂಟನ್ನೂ ಜೊತೆಗಿಟ್ಟುಕೊಳ್ಳಿ. ಅದೂ, ಕಿಟ್ಟೆಲ್ಲರದೂ ಬಾಸೆಲ್ ಮಿಷನ್ನಿನವರು ಮಂಗಳೂರಿನಿಂದ ಹೊರತಂದವು.

ಹೆಜ್ಜೆ 8: ಕಟ್ಟುಕಥೆಗಳನ್ನು ಬೇರ್ಪಡಿಸುವುದು

ಪದದ ಜೊತೆ ಸೊಗಸಾದ ಕಥೆಯೊಂದು ಅಂಟಿಕೊಂಡಿದ್ದರೆ ಮೊದಲು ಕಥೆಯನ್ನು ಅನುಮಾನಿಸಿ. ನಮ್ಮ ಮನೆಗಳ ಟೀಪಾಯಿ ಇದಕ್ಕೆ ಒಳ್ಳೆಯ ಉದಾಹರಣೆ. ಟೀ ಇಡುವ ಮೇಜಾದ್ದರಿಂದ ಆ ಹೆಸರು ಎಂದು ಎಲ್ಲರೂ ನಂಬುತ್ತಾರೆ, ಇಂಗ್ಲಿಷಿನ ಕಾಗುಣಿತವೂ ಹಾಗೇ ನಂಬಿ ಬದಲಾಗಿದೆ. ವಾಸ್ತವದಲ್ಲಿ ಅದು ಹಿಂದಿಯ ‘ತಿಪಾಈ’, ಮೂರು ಕಾಲಿನದು; ‘ತಿ’ ಎಂದರೆ ಮೂರು, ‘ಪಾಯ್’ ಎಂಬುದು ಕಾಲಿಗೆ ಪಾರಸಿಯ ಹೆಸರು. ಚಹಾಕ್ಕೂ ಅದಕ್ಕೂ ಇರುವ ಸಂಬಂಧ ಮೇಜಿನ ಮೇಲಿನ ಲೋಟದಷ್ಟೇ.

ಹೆಜ್ಜೆ 9: ಫಲಿತಾಂಶವನ್ನು ಬರೆದಿಡುವುದು

ಸಿಕ್ಕಿದ್ದನ್ನೆಲ್ಲ ಒಂದೇ ದನಿಯಲ್ಲಿ ಬರೆಯಬೇಡಿ. ಬರೆಹದ ಸಾಕ್ಷ್ಯವಿರುವುದನ್ನು ‘ಖಚಿತ’ ಎಂದೂ, ಧ್ವನಿ, ಅರ್ಥ, ದಾರಿ ಮೂರೂ ಒಪ್ಪಿದ್ದನ್ನು ‘ಬಹುಮಟ್ಟಿಗೆ ಖಚಿತ’ ಎಂದೂ, ಒಂದೋ ಎರಡೋ ಮಾತ್ರ ಒಪ್ಪಿದ್ದನ್ನು ‘ಸಂಭವ’ ಎಂದೂ ಗುರುತಿಸಿ. ತಳ್ಳಿಹಾಕಿದ ಮತವನ್ನೂ ಅದಕ್ಕೆ ಕಾರಣವನ್ನೂ ಕೆಳಗೆ ಬರೆಯಿರಿ; ಇಲ್ಲದಿದ್ದರೆ ಐದು ವರ್ಷದ ಬಳಿಕ ಅದೇ ಮತ ಹೊಸದಾಗಿ ಕಂಡು ಮತ್ತೆ ಅದರ ಹಿಂದೆ ಓಡುತ್ತೀರಿ. ಗೀಟು ಬಿದ್ದ ಹಳೆಯ ಸಾಲಿನ ಕೆಳಗೆ ನನ್ನ ಪುಸ್ತಕದಲ್ಲಿ ಈಗ ಇರುವ ನಮೂದು ಹೀಗಿದೆ:

‘ಜಾಗರಿ. ನಾಮಪದ. ಇಂಗ್ಲಿಷಿನಲ್ಲಿ ಹದಿನಾರನೆಯ ಶತಮಾನದ ಕೊನೆಯಿಂದ, ಲಿನ್‌ಸ್ಕೋಟೆನ್ 1598. ಫೆಡ್ರಿಚಿಯ 1588ರ ಅನುವಾದದ ಪುಟವನ್ನು ಕಣ್ಣಾರೆ ನೋಡಬೇಕು. ಭಾರತದ ಪೋರ್ಚುಗೀಸಿನ ಶಾಗರ, ಜಾಗ್ರ ರೂಪಗಳಿಂದ: ಖಚಿತ. ಅದು ಮಲಯಾಳಂ ಶರ್ಕ್ಕರದಿಂದ: ಬಹುಮಟ್ಟಿಗೆ ಖಚಿತ. ಅದು ಸಂಸ್ಕೃತ ಶರ್ಕರಾದಿಂದ: ಖಚಿತ. ಕನ್ನಡದಿಂದ ಎಂಬ ಮತ: ಮೊದಲಿನ ಶಕಾರ, ಕೊನೆಯ ಅಕಾರ, ಬೆಲ್ಲವೆಂಬ ಅರ್ಥ ಮೂರೂ ಒಪ್ಪುವುದಿಲ್ಲ. ಮೊದಲ ಅರ್ಥ ಮರದ ಬೆಲ್ಲ. ನಮ್ಮ ಬೆಲ್ಲಕ್ಕೆ ಬೇರೆ ಪುಟ ನೋಡಿ.’